ಅಕ್ಕನ ಸರದಿ

ನನ್ನ ಕೈ ಸುಮ್ಮನಿರುವ ಕೈಯಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಮೂಟೆಯೊಂದನ್ನು ಬಸ್ಸಿಗೆ ಹತ್ತಿಸಲು ಒದ್ದಾಡುತ್ತಿದ್ದರೆ, ಅವರು ಯಾರು, ಯಾವೂರು ಎಂದು ಕೇಳುವ ಮೊದಲೇ ನನ್ನ ಕೈ ಮೂಟೆಯ ಇನ್ನೊಂದು ಮೂಲೆ ಹಿಡಿದಿರುತ್ತದೆ. ನಾನೊಬ್ಬನೇ ಅಲ್ಲ, ನಮ್ಮ ಕಡೆಯವರೆಲ್ಲ ಹೀಗೆಯೇ. ಹುಲ್ಲಿನ ಹೊರೆ ಕಟ್ಟಿಕೊಂಡು ಬದುವಿನ ಮೇಲೆ ಒಬ್ಬರೇ ನಿಂತಿರುವುದನ್ನು ಕಂಡರೆ, ದಾರಿಯಲ್ಲಿ ಹೋಗುವವನು ಬೈಕು ನಿಲ್ಲಿಸಿ, ಇಳಿದು, ಹೊರೆಯನ್ನು ತಲೆಗೆ ಎತ್ತಿಕೊಟ್ಟು ತನ್ನ ಪಾಡಿಗೆ ಹೋಗುತ್ತಾನೆ. ಎತ್ತಿಕೊಟ್ಟವನನ್ನು ಯಾರೂ ನೆನಪಿಡುವುದಿಲ್ಲ. ಎತ್ತಿಕೊಡದೆ ಹೋದವನನ್ನು ಮಾತ್ರ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಇಂಥ ಕೈಯನ್ನು ಹೊತ್ತುಕೊಂಡು ನಾನು ಸಮುದ್ರಕ್ಕೆ ಹೋದೆ, ಅಲ್ಲಿ ಅದು ನನ್ನ ಮಾನ ಕಳೆಯಿತು.

ನನ್ನ ಕಸುಬು ಪಂಪ್‌ಸೆಟ್ ಮೋಟಾರು ರಿಪೇರಿ. ಸುಟ್ಟುಹೋದ ಮೋಟಾರಿನ ಹೊಟ್ಟೆ ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುತ್ತೇನೆ. ದಿನವೆಲ್ಲ ತಂತಿ ಸುತ್ತಿದವನು ಸಂಜೆ ಹೊಳೆದಂಡೆಯಲ್ಲಿ ಕೂತು ಗಾಳದ ರೀಲು ಸುತ್ತುವುದನ್ನು ವಿಶ್ರಾಂತಿ ಎಂದು ಕರೆದರೆ ನನ್ನ ಹೆಂಡತಿಗೆ ನಗು ಬರುತ್ತದೆ. ನಗಲಿ. ಹೇಮಾವತಿಯಲ್ಲಿ ಮೂವತ್ತು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ ನಾನು ಕಟ್ಟುವ ಉಂಡೆಗೆ ಕಾಟ್ಲಾ ಮೀನು ಬಾಯಿ ಹಾಕದೆ ಹೋದ ದಿನ ಕಡಿಮೆ. ಆದರೆ ಹೊಳೆ ಮೀನು ಎಂದರೆ ಎಷ್ಟು ದೊಡ್ಡದು? ನನ್ನ ಅತಿ ದೊಡ್ಡ ಮೀನು ಎಂಟು ಕೆಜಿ ತೂಗಿತ್ತು, ಅದರ ಕತೆಯನ್ನು ನನ್ನ ಅಂಗಡಿಗೆ ಬಂದವರೆಲ್ಲ ಎರಡೆರಡು ಸಲ ಕೇಳಿದ್ದಾರೆ.

ಭಾನುವಾರಗಳಂದು ಕೊಣನೂರಿನ ಹತ್ತಿರ ಕಾವೇರಿ ದಂಡೆಯಲ್ಲಿ ನಾವು ನಾಲ್ಕು ಜನ ಸೇರುತ್ತಿದ್ದೆವು. ಹಾಸನದ ಹಲ್ಲಿನ ಡಾಕ್ಟರು, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡವರೊಬ್ಬರು, ಅರಕಲಗೂಡಿನ ಕಾಲೇಜಿನ ಲೆಕ್ಚರರು, ನಾಲ್ಕನೆಯವನು ನಾನು. ಮೀನು ಕಚ್ಚದ ಹೊತ್ತಿನಲ್ಲಿ ಡಾಕ್ಟರು ಫೋನಿನಲ್ಲಿ ಸಮುದ್ರದ ವಿಡಿಯೋಗಳನ್ನು ತೋರಿಸುತ್ತಿದ್ದರು. ದೊಡ್ಡ ಬೋಟಿನಲ್ಲಿ ನಾಲ್ಕೈದು ದಿನ ದಡ ಕಾಣದಷ್ಟು ದೂರ ಹೋಗಿ, ಆಳೆತ್ತರದ ಮೀನುಗಳ ಜೊತೆ ಗಂಟೆಗಟ್ಟಲೆ ಗುದ್ದಾಡುವ ಜನ. ಹಿಡಿದು, ಒಮ್ಮೆ ನೋಡಿ, ಎಷ್ಟೋ ಸಲ ಮತ್ತೆ ನೀರಿಗೇ ಬಿಡುವ ಜನ. ನಮಗೆ ಹುಚ್ಚು ಹಿಡಿಯಿತು. ಎರಡು ವರ್ಷ ಬರೀ ಬಾಯಿಮಾತಾಗಿದ್ದದ್ದು ಮೂರನೆಯ ವರ್ಷ ನಿಜವಾಯಿತು. ಸಂಕ್ರಾಂತಿ ಕಳೆದ ಮೇಲೆ ಅಂಡಮಾನಿನಿಂದ ಹೊರಡುವ ಬೋಟಿನಲ್ಲಿ ಐದು ದಿನಕ್ಕೆ ನಾಲ್ಕು ಜಾಗ ಹಿಡಿದೆವು.

ಹೊರಡಲು ಹತ್ತು ದಿನ ಇರುವಾಗ ಲೆಕ್ಚರರು ಬೈಕಿನಿಂದ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಿದ್ದು ನರಳುತ್ತಿರುವವರ ಮೇಲೂ ಬಂತು ಎಂದರೆ ನನ್ನ ಬುದ್ಧಿ ಎಂಥದು ನೋಡಿ. ಆ ಸಿಟ್ಟನ್ನು ಯಾರ ಹತ್ತಿರ ಕಾರಿಕೊಳ್ಳುವುದು ಎಂದು ಬೈಕು ಹತ್ತಿ ದುದ್ದಕ್ಕೆ, ಅಕ್ಕನ ಮನೆಗೆ ಹೋದೆ.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಚಿಕ್ಕವನಿದ್ದಾಗ ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು, ಈಗಲೂ ನನ್ನ ಸಿಟ್ಟನ್ನು ಕಂಕುಳಲ್ಲೇ ಇಟ್ಟುಕೊಂಡು ಓಡಾಡುವವಳು. ಆರು ಹಸು ಕಟ್ಟಿದ್ದಾಳೆ. ಮಿಷನ್ ತಂದುಕೊಡುತ್ತೇವೆ ಎಂದರೂ ಬೇಡ ಎಂದು ಇವತ್ತಿಗೂ ಎರಡು ಹೊತ್ತು ಕೈಯಲ್ಲೇ ಹಾಲು ಕರೆಯುತ್ತಾಳೆ. ಆ ಕೈಗಳನ್ನು ನೀವು ನೋಡಬೇಕು. ಹತ್ತು ವರ್ಷದ ಹಿಂದೆ ನಮ್ಮ ಕಡೆ ನಡೆದ ಹಾಲು ಕರೆಯುವ ಸ್ಪರ್ಧೆಯಲ್ಲಿ ಅವಳ ಹಸುವಿಗೆ ಮೊದಲ ಬಹುಮಾನ ಬಂದಿತ್ತು. ಬಹುಮಾನವಾಗಿ ಕೊಟ್ಟ ಕಪ್ಪು ಇವತ್ತಿಗೂ ಅವಳ ಮನೆಯ ಟೀವಿ ಪಕ್ಕದಲ್ಲಿದೆ. ಅದರ ಮೇಲೆ ಗೋಡೆಗೆ ಫೋಟೋ. ಭಾವ ಕಪ್ಪು ಹಿಡಿದಿದ್ದಾರೆ, ನಾನು ಹಸುವಿನ ಹಗ್ಗ ಹಿಡಿದಿದ್ದೇನೆ, ಅಂಚಿನಲ್ಲಿ ಹಾಲಿನ ಬಕೆಟ್ಟೊಂದು ಕಾಣುತ್ತದೆ. ಆಗ ನನ್ನ ತಲೆಯಲ್ಲಿ ಕೂದಲಿತ್ತು, ಹಾಗಾಗಿ ಆ ಫೋಟೋ ಎಂದರೆ ನನಗೆ ಪ್ರಾಣ.

ಅವತ್ತು ಅಕ್ಕ ಹಾಲು ಕರೆಯುತ್ತ ನನ್ನ ಗೋಳನ್ನೆಲ್ಲ ಕೇಳಿದಳು. ತಿರುಗಿ ಕೂಡ ನೋಡದೆ, "ಆ ಜಾಗಕ್ಕೆ ನಾನ್ ಬತ್ತೀನಿ ಬುಡು" ಅಂದಳು.

ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಅಕ್ಕ ಸಮುದ್ರ ನೋಡಿರಲಿಲ್ಲ, ವಿಮಾನವನ್ನು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಚಿಕ್ಕಂದಿನಲ್ಲಿ ಊರ ಕೆರೆಯಲ್ಲಿ ಬಿದಿರು ಕಡ್ಡಿಗೆ ದಾರ ಕಟ್ಟಿ ಮೀನು ಹಿಡಿಯುವುದನ್ನು ನನಗೆ ಕಲಿಸಿದ್ದು ಮಾತ್ರ ಅವಳೇ. ಮದುವೆಯಾದ ಮೇಲೆ ಅವಳು ಗಾಳ ಮುಟ್ಟಿದ್ದನ್ನು ನಾನು ಕಂಡಿಲ್ಲ. ಭಾವನವರು ಮೊದಲು ನಕ್ಕರು. ಆಮೇಲೆ, ಹೋಗಿ ಬರಲಿ, ಹಸು ನೋಡಿಕೊಳ್ಳಲು ತಾನಿದ್ದೇನೆ, ಸೊಸೆ ಇದ್ದಾಳೆ ಎಂದರು. ಡಾಕ್ಟರಿಗೂ ಮಂಡಿಯವರಿಗೂ ಫೋನು ಮಾಡಿದರೆ, ಅವರಿಬ್ಬರೂ ನನಗಿಂತ ಮೊದಲೇ ಒಪ್ಪಿಕೊಂಡರು. ಅಕ್ಕ ಐದು ಕೆಜಿ ರಾಗಿ ಹಿಟ್ಟು, ಮುದ್ದೆ ಕೋಲು, ಒಂದು ಡಬ್ಬಿ ನಿಂಬೆಕಾಯಿ ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೇಬಿಟ್ಟಳು.

ಬೋಟು ಉದ್ದಕ್ಕೆ ನಮ್ಮ ಸಿಟಿ ಬಸ್ಸಿಗಿಂತ ಸ್ವಲ್ಪ ದೊಡ್ಡದು. ಒಳಗೆ ಮಲಗಲು ಮೇಲೆ ಕೆಳಗೆ ಹಲಗೆಗಳು, ಒಂದು ಪುಟ್ಟ ಅಡುಗೆಕಟ್ಟೆ, ಹಿಂದುಗಡೆ ಮೀನು ಹಿಡಿಯುವ ಬಯಲು ಜಾಗ. ಬೋಟು ನಡೆಸುವ ಕಪ್ತಾನ ನಲವತ್ತರ ಮನುಷ್ಯ, ಅವನಿಗೊಬ್ಬ ಸಹಾಯಕ. ಇಬ್ಬರದೂ ಹಿಂದಿ. ಡಾಕ್ಟರಿಗೆ ಹಿಂದಿ ಚೆನ್ನಾಗಿ ಬರುತ್ತದೆ, ನನಗೆ ಜಗಳ ಆಡುವಷ್ಟು ಬರುತ್ತದೆ. ಒಳಗಿನ ಗೋಡೆಯಲ್ಲಿ ಕಪ್ಪು ಹಲಗೆಯೊಂದಿತ್ತು. ಕಪ್ತಾನ ಸೀಮೆಸುಣ್ಣದಲ್ಲಿ ನಮ್ಮ ನಾಲ್ವರ ಹೆಸರು ಬರೆದು, ಯಾರು ಯಾವ ಮೀನು ಹಿಡಿದರು ಎಂದು ಮುಂದೆ ಬರೆಯುತ್ತೇನೆ ಎಂದ. ಆಮೇಲೆ ನಿಯಮ ಹೇಳಿದ, ಡಾಕ್ಟರು ಕನ್ನಡದಲ್ಲಿ ಹೇಳುತ್ತ ಹೋದರು.

ಬೋಟು ಓಡುತ್ತಿರುತ್ತದೆ, ಹಿಂದೆ ನಾಲ್ಕು ಗಾಳದ ಕೋಲಿನಿಂದ ಕೊಕ್ಕೆ ಕಟ್ಟಿದ ನಕಲಿ ಮೀನುಗಳು ನೀರಿನಲ್ಲಿ ಎಳೆಸಿಕೊಂಡು ಬರುತ್ತಿರುತ್ತವೆ. ಯಾವ ಕೋಲಿಗೆ ಮೀನು ಬಿದ್ದರೂ, ಸರದಿ ಯಾರದೋ ಅವರೇ ಅದನ್ನು ಎತ್ತಿಕೊಳ್ಳಬೇಕು. ಒಂದು ಮೀನು ಬಿದ್ದು, ಸಿಕ್ಕಿತೋ ತಪ್ಪಿತೋ ಒಂದು ತೀರ್ಮಾನ ಆದ ಮೇಲೆಯೇ ಸರದಿ ಮುಂದಿನವರಿಗೆ. ಇನ್ನು ಮುಖ್ಯವಾದ ಮಾತು. ಕೋಲು ಎತ್ತಿಕೊಂಡವರು ಬಿಟ್ಟು ಬೇರೆ ಯಾರೂ ಕೋಲನ್ನಾಗಲಿ, ರೀಲನ್ನಾಗಲಿ, ದಾರವನ್ನಾಗಲಿ ಮುಟ್ಟುವಂತಿಲ್ಲ. ಮೀನು ಬೋಟಿನ ಪಕ್ಕಕ್ಕೆ ಬಂದಾಗ ಸಹಾಯಕ ತುದಿಯ ದಪ್ಪ ದಾರ ಹಿಡಿದು ಎತ್ತಬಹುದು, ಅಷ್ಟೆ. ಅದಕ್ಕೆ ಮೊದಲು ಇನ್ನೊಬ್ಬರ ಬೆರಳು ತಾಗಿದರೂ ಆ ಮೀನು ಹಿಡಿದವರದ್ದಲ್ಲ, ಹಲಗೆಯ ಮೇಲೆ ಬರುವುದಿಲ್ಲ. ದೇಶದೇಶಗಳಲ್ಲಿ ಈ ಆಟ ಆಡುವವರೆಲ್ಲರಿಗೂ ಇದೇ ನಿಯಮವಂತೆ.

ಅಕ್ಕ ಈ ಮಾತನ್ನು ಡಾಕ್ಟರಿಂದ ಎರಡು ಸಲ ಹೇಳಿಸಿದಳು. "ಬಿದ್ದೋಯ್ತೀನಿ ಅಂದ್ರೂ ಯಾರೂ ಮುಟ್ಟಂಗಿಲ್ವಾ ಸಾ?" ಎಂದು ಕೇಳಿದಳು. ಇಲ್ಲ ಎಂದರು ಡಾಕ್ಟರು. ಅವಳ ಮುಖದಲ್ಲಿ ಎಂಥದೋ ಒಂದು ಗೆಲುವು ಬಂತು. ಭಯಪಡಬೇಕಾದ ಕಡೆ ಇವಳಿಗೇನು ಖುಷಿ ಎಂದು ನನಗೆ ಅರ್ಥವಾಗಲಿಲ್ಲ.

ಮೊದಲ ದಿನ ನಾನೂ ಮಂಡಿಯವರೂ ಬೋಟಿನ ಅಂಚಿಗೆ ನೇತುಬಿದ್ದು ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿಕೊಂಡೆವು. ಮೂವತ್ತು ವರ್ಷ ಹೊಳೆ ನೋಡಿದವನು ನಾನು! ಅಕ್ಕನಿಗೆ ಏನೂ ಆಗಲಿಲ್ಲ. ಅವಳು ಕಾಲು ಅಗಲಿಸಿ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ದಡವಿಲ್ಲದ ಆ ನೀರನ್ನು ಸುಮ್ಮನೆ ನೋಡುತ್ತಿದ್ದಳು. ಮಧ್ಯಾಹ್ನ ಅಡುಗೆಕಟ್ಟೆಗೆ ನುಗ್ಗಿ, ಕಾಲಿನಿಂದ ಪಾತ್ರೆ ಒತ್ತಿ ಹಿಡಿದು, ತೂಗಾಡುವ ಬೋಟಿನಲ್ಲಿ ಮುದ್ದೆ ತೊಳಸಿದಳು. ಒಂದು ಗಂಟು ಇರಲಿಲ್ಲ. ಕಪ್ತಾನ ಮುದ್ದೆಯನ್ನು ಅಗಿಯಲು ಹೋದ, ಅಕ್ಕ ಬೆರಳಿನಲ್ಲಿ ಮುರಿದು ನುಂಗಿ ತೋರಿಸಿದಳು. ಮಾರನೆಯ ದಿನದಿಂದ ಅವನೇ ಕೇಳಿ ಹಾಕಿಸಿಕೊಂಡ.

ಅವತ್ತು ಸಂಜೆಯೊಳಗೆ ಡಾಕ್ಟರಿಗೆ ಹಾವಿನಂತೆ ಉದ್ದನೆಯ ಒಂದು ಮೀನು ಸಿಕ್ಕಿತು. ಮಂಡಿಯವರದು ತಪ್ಪಿಹೋಯಿತು. ಎರಡನೆಯ ದಿನ ಬೆಳಿಗ್ಗೆ ನನ್ನ ಸರದಿಗೆ ಹಸಿರು, ಹಳದಿ ಬಣ್ಣದ ಒಂಬತ್ತು ಕೆಜಿಯ ಮೀನು ಬಂತು. ನನ್ನ ಜೀವಮಾನದ ದೊಡ್ಡ ಮೀನು. ನಾನು ಕುಣಿದಾಡಿಬಿಟ್ಟೆ. ನನ್ನ ಕುಣಿತ ಮುಗಿದು ಅರ್ಧ ಗಂಟೆಯಾಗಿರಲಿಲ್ಲ, ಎಡಗಡೆಯ ಕೋಲು ಬಿಲ್ಲಿನಂತೆ ಬಗ್ಗಿತು, ರೀಲು ಕಿರುಚಿಕೊಂಡಿತು. ಸರದಿ ಅಕ್ಕನದು.

ಸಹಾಯಕ ಅವಳ ಸೊಂಟಕ್ಕೆ ಪಟ್ಟಿ ಕಟ್ಟಿದ. ಅದರ ಮುಂಭಾಗದಲ್ಲಿ ಒಂದು ಗೂಡು, ಕೋಲಿನ ಬುಡ ಅದರೊಳಗೆ ಕೂರಬೇಕು. ಅಕ್ಕ ಸೆರಗು ಸಿಕ್ಕಿಸಿ, ಕೋಲನ್ನು ಗೂಡಿನಲ್ಲಿಟ್ಟು, ಎರಡೂ ಕಾಲು ಊರಿ ನಿಂತಳು. ಮೊದಲ ಹತ್ತು ನಿಮಿಷ ದಾರ ಹೋಗುತ್ತಲೇ ಇತ್ತು, ಅವಳು ಹೋಗಲು ಬಿಟ್ಟಳು. ಆಮೇಲೆ ಕಪ್ತಾನ ಕೈಸನ್ನೆಯಲ್ಲಿ ತೋರಿಸಿದ. ಕೋಲನ್ನು ಮೇಲೆತ್ತು, ಇಳಿಸುವಾಗ ರೀಲು ಸುತ್ತು. ಅವಳಿಗೆ ಎರಡನೆಯ ಸಲ ತೋರಿಸಬೇಕಾಗಲಿಲ್ಲ. ಕೆಚ್ಚಲ ಕೆಳಗೆ ಅವಳ ಎರಡು ಕೈ ಒಂದರ ಹಿಂದೆ ಒಂದು ಹೇಗೆ ಓಡುತ್ತವೋ ಹಾಗೆಯೇ ಇಲ್ಲಿಯೂ ಓಡಿದವು. ಅವಸರವಿಲ್ಲ, ನಿಲ್ಲುವುದೂ ಇಲ್ಲ. ಇಪ್ಪತ್ತು ನಿಮಿಷಕ್ಕೆ ಕೈಸೋತು ಕೋಲು ಇನ್ನೊಬ್ಬರಿಗೆ ಕೊಡುವ ಗಂಡಸರನ್ನು ಈ ಬೋಟಿನಲ್ಲಿ ಬೇಕಾದಷ್ಟು ಕಂಡಿದ್ದೇನೆ ಎಂದು ಕಪ್ತಾನ ಡಾಕ್ಟರಿಗೆ ಹೇಳಿದ. ಐವತ್ತು ನಿಮಿಷವಾಗಿತ್ತು. ನೀರಿನೊಳಗೆ ದೊಡ್ಡ ಬೆಳ್ಳಿಯ ತಟ್ಟೆಯೊಂದು ಸುತ್ತುತ್ತ ಮೇಲೆ ಬರುವುದು ಕಂಡಿತು. ಟ್ಯೂನಾ ಮೀನು, ಮೂವತ್ತು ಕೆಜಿಗೆ ಕಡಿಮೆಯಿಲ್ಲ ಎಂದ ಕಪ್ತಾನ. ನನ್ನ ಅಕ್ಕ ಎಂದು ಎದೆ ಉಬ್ಬಿಸಿ ಎಲ್ಲರ ಮುಖ ನೋಡಿದೆ. ನೋಡಲು ಅಲ್ಲಿ ಇನ್ನು ನಾಲ್ಕೇ ಜನರಿದ್ದರೂ.

ಅಷ್ಟರಲ್ಲಿ ಅಲೆಯೊಂದು ಬೋಟನ್ನು ಪಕ್ಕಕ್ಕೆ ಎತ್ತಿತು. ಅಕ್ಕನ ಬಲಗಾಲು ಜಾರಿತು. ಮಂಡಿ ನೆಲಕ್ಕೆ ತಾಗಿತು, ಕೋಲು ಗೂಡಿನಿಂದ ಹೊರಬಂತು.

ಯೋಚನೆ ಮಾಡಲು ನನಗೆ ಹೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳು. ಯೋಚನೆ ಮಾಡುವುದೇ ನನಗೆ ಹೊಳೆಯಲಿಲ್ಲ. ಎರಡು ಹೆಜ್ಜೆ ಹಾರಿ, ರೀಲಿನ ಮೇಲುಗಡೆ ಕೋಲನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಅಕ್ಕನ ರಟ್ಟೆ ಹಿಡಿದು ಎಬ್ಬಿಸಿದೆ. ಒಟ್ಟು ಮೂರು ಉಸಿರಿನಷ್ಟು ಹೊತ್ತು. ಅಕ್ಕ ಎದ್ದು ನಿಂತಳು, ಕೋಲು ಮತ್ತೆ ಗೂಡಿಗೆ ಬಂತು, ಐದು ನಿಮಿಷದಲ್ಲಿ ಸಹಾಯಕ ಮೀನನ್ನು ಒಳಗೆಳೆದುಕೊಂಡ. ಡಾಕ್ಟರು ಫೋಟೋ ಹೊಡೆದರು. ನಾನೂ ಮೀನಿನ ಬಾಲ ಹಿಡಿದು ಪಕ್ಕದಲ್ಲಿ ನಿಂತೆ.

ಒಳಗೆ ಬಂದು ನೋಡಿದರೆ ಹಲಗೆಯ ಮೇಲೆ ಅಕ್ಕನ ಹೆಸರಿನ ಮುಂದೆ ಮೀನಿಲ್ಲ. ಬರೀ ಒಂದು ಅಡ್ಡಗೆರೆ. ಅಕ್ಕ ತನ್ನ ಹೆಸರಷ್ಟು ಇಂಗ್ಲಿಷು ಓದುತ್ತಾಳೆ, ಗೆರೆಯನ್ನೂ ಓದುತ್ತಾಳೆ. ಏನಿದು ಎಂದು ಡಾಕ್ಟರನ್ನು ಕೇಳಿದಳು. ಡಾಕ್ಟರು ನನ್ನ ಮುಖ ನೋಡಿದರು.

ನನಗೆ ಪಿತ್ತ ನೆತ್ತಿಗೇರಿತು. ಕಪ್ತಾನನ ಮೇಲೆ ಹರಿಹಾಯ್ದೆ. ನಾನೇನು ರೀಲು ಸುತ್ತಿದೆನಾ? ಹೆಂಗಸು ಬೀಳುತ್ತಿದ್ದರೆ ಸುಮ್ಮನೆ ನೋಡಿಕೊಂಡು ನಿಲ್ಲಲು ನಾನೇನು ಕಲ್ಲಾ? ನಿಮ್ಮೂರಲ್ಲಿ ಬಿದ್ದವರನ್ನು ಎತ್ತುವುದಿಲ್ಲವಾ? ನನಗೆ ಬರುವ ಹಿಂದಿಯೆಲ್ಲ ಖರ್ಚಾಯಿತು. ಕಪ್ತಾನ ತಾಳ್ಮೆಯಿಂದ ಕೇಳಿ, ನೀವು ಎತ್ತಿದ್ದು ತಪ್ಪಲ್ಲ, ಅವರ ರಟ್ಟೆ ಮಾತ್ರ ಹಿಡಿದಿದ್ದರೆ ಸಾಕಿತ್ತು, ಕೋಲು ಹಿಡಿದಿರಿ, ಹಾಗಾಗಿ ಬರೆಯಲಾರೆ ಎಂದ. ಎಷ್ಟು ನೇರವಾದ ಮಾತು.

ಅವತ್ತು ಸಂಜೆ ಆ ಮೀನನ್ನೇ ಹುರಿದರು. ಅಕ್ಕ ಮುಟ್ಟಲಿಲ್ಲ. ಮುದ್ದೆಗೆ ಉಪ್ಪಿನಕಾಯಿ ಹಚ್ಚಿಕೊಂಡು ಉಂಡು, ತಟ್ಟೆ ತೊಳೆದು, ಬೋಟಿನ ಹಿಂಭಾಗಕ್ಕೆ ಹೋಗಿ ಕೂತಳು. ಬಿಸಿಲು ಇನ್ನೂ ಇತ್ತು. ನಾನು ಹೋಗಿ ಪಕ್ಕದಲ್ಲಿ ಕೂತು, ಆ ಕಪ್ತಾನನಿಗೆ ತಲೆ ಕೆಟ್ಟಿದೆ ಎಂದು ಶುರು ಮಾಡಿದೆ. ಅಕ್ಕ ತಡೆದಳು.

"ಅವ್ರ ಮ್ಯಾಲೆ ಯಾಕ್ಲಾ ಕೂಗ್ತೀಯ? ನೀನೂ ತೆಪ್ಪು ಮಾಡ್ದೆ ಅಂತ ನಾನ್ ಯೋಳ್ತಿಲ್ಲ. ಬಿದ್ದೋಯ್ತಾಳೆ ಅಂತ ಇಡ್ಕಂಡೆ. ಆದ್ರೆ ಎಲ್ಲದ್ರಾಗೂ ಯಾರ್ದಾದ್ರೂ ಒಂದ್ ಕೈ ಇದ್ದೇ ಇರ್ತದೆ ಕಣ್ಲಾ ನಂಗೆ. ಮದ್ವೆ ಆದಾಗ್ಲಿಂದ ಮುದ್ದೆ ತೊಳಸೋಳು ನಾನು. ನಮ್ಮತ್ತೆ ಬಂದು ಕೊನೆಗೊಂದ್ ಸುತ್ತು ತಿರುವೋರು, ಆಮ್ಯಾಕೆ ಅದು ಅವ್ರ ಮುದ್ದೆ. ಆ ಕಪ್ಪಿನ್ ಫೋಟೋ ನೋಡಿದ್ದೀಯಲ್ಲ, ಅದ್ರಾಗೆ ನಾನಿಲ್ಲ. ನನ್ ಬಕೆಟ್ ಐತೆ. ಇಲ್ಲಿ ಯಾರೂ ಮುಟ್ಟಂಗಿಲ್ಲ ಅಂದ್ರಲ್ಲ, ಇದೊಂದಾದ್ರೂ ಪೂರ್ತಾ ನಂದಾಗ್ಲಿ ಅನ್ಕಂಡಿದ್ದೆ."

ಅಳಲಿಲ್ಲ, ದೂರಲಿಲ್ಲ. ಹಸುವಿಗೆ ಹಿಂಡಿ ಎಷ್ಟು ಹಾಕಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ನನಗೆ ಆ ಸ್ಪರ್ಧೆಯ ದಿನ ಕಣ್ಣಮುಂದೆ ಬಂತು. ಹಸು ಜನ ಕಂಡು ಬೆದರಿದ್ದಕ್ಕೆ ನಾನು ಹಗ್ಗ ಹಿಡಿದು ನಿಂತಿದ್ದೆ, ಅಷ್ಟೇ ನನ್ನ ಕೆಲಸ. ಬೆಳಿಗ್ಗೆಯೂ ಸಂಜೆಯೂ ಕೂತು ಕರೆದವಳು ಅಕ್ಕ. ಕರುವಾಗಿದ್ದಾಗಿಂದ ಆ ಹಸುವನ್ನು ಸಾಕಿದವಳೂ ಅವಳೇ. ಫೋಟೋದವನು ಯಜಮಾನರು ಬನ್ನಿ ಎಂದ. ಭಾವ ಹೋದರು, ನನ್ನನ್ನೂ ಕರೆದರು. ಅಕ್ಕ ಆಗ ಎಲ್ಲಿದ್ದಳು? ಬಕೆಟ್ಟು ಬಿಟ್ಟು ಎಲ್ಲೋ ಕೈ ತೊಳೆಯಲು ಹೋಗಿದ್ದಳು ಅನಿಸುತ್ತದೆ. ಯಾರೂ ಕಾಯಲಿಲ್ಲ, ನಾನೂ ಕಾಯಲಿಲ್ಲ. ಹತ್ತು ವರ್ಷ ಆ ಫೋಟೋದಲ್ಲಿ ನನ್ನ ಕೂದಲನ್ನು ನೋಡಿಕೊಂಡಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು ಅನ್ನಿಸಿತು.

ಮೂರನೆಯ ದಿನ ಸಮುದ್ರ ಮುನಿಸಿಕೊಂಡಿತ್ತು. ಡಾಕ್ಟರು ಸಂಜೆಯವರೆಗೂ ಕಾದ ಮೇಲೆ ಒಂದು ಮೀನು ಬಿದ್ದು ತಪ್ಪಿಸಿಕೊಂಡಿತು, ಅವರ ಸರದಿ ಮುಗಿಯಿತು. ನಾಲ್ಕನೆಯ ದಿನವೆಲ್ಲ ಮಂಡಿಯವರದು. ಅವರು ಒಳ್ಳೆಯ ಮನುಷ್ಯ, ತಮ್ಮ ಸರದಿಯನ್ನು ಅಕ್ಕನೇ ತೆಗೆದುಕೊಳ್ಳಲಿ ಎಂದರು. ಅಕ್ಕ ಒಪ್ಪಲಿಲ್ಲ, ನಿಮ್ಮದು ನಿಮಗೆ, ನನ್ನದು ಬಂದಾಗ ಬರಲಿ ಎಂದುಬಿಟ್ಟಳು. ಸಂಜೆ ಅವರಿಗೊಂದು ಮೀನು ಬಿದ್ದು ತಪ್ಪಿತು. ಇನ್ನು ಉಳಿದದ್ದು ಐದನೆಯ ದಿನ ಮಧ್ಯಾಹ್ನದವರೆಗಿನ ಹೊತ್ತು, ಅಕ್ಕನಿಗಿಂತ ಮೊದಲು ಅಡ್ಡ ನಿಂತವನು ನಾನು. ನನಗೊಂದು ಮೀನು ಬೀಳದೆ ಅವಳ ಸರದಿ ಬರುವುದಿಲ್ಲ. ನನ್ನದನ್ನು ಅವಳು ತೆಗೆದುಕೊಳ್ಳುವುದಿಲ್ಲ ಎಂದು ಕೇಳದೆಯೇ ಗೊತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಆರರಿಂದ ಆ ಕೋಲುಗಳನ್ನು ದಿಟ್ಟಿಸಿ ಕೂತೆ. ಏಳಾಯಿತು, ಎಂಟಾಯಿತು. ಜೀವಮಾನದಲ್ಲಿ ಮೀನಿಗಾಗಿ ಹರಕೆ ಹೊತ್ತವನಲ್ಲ, ಅವತ್ತು ನಮ್ಮ ಮನೆದೇವರಿಗೆ ಒಂದು ತೆಂಗಿನಕಾಯಿ ಹೇಳಿಕೊಂಡೆ. ಒಂಬತ್ತರ ಹೊತ್ತಿಗೆ ಹಲ್ಲುಬಿಟ್ಟ ಒಂದು ಸಣ್ಣ ಮೀನು ಬಿತ್ತು. ಬಟ್ಟೆ ಒಗೆದು ಹಿಂಡುವ ಹಾಗೆ ಅವಸರದಲ್ಲಿ ರೀಲು ಸುತ್ತಿ ಎಳೆದು ಬಿಸಾಡಿದೆ. ತೂಕ ನೋಡುವುದೂ ಬೇಡ ಎಂದೆ. ಹೊಳೆನರಸೀಪುರದಲ್ಲಿ ಹಿಡಿದಿದ್ದರೆ ಅದನ್ನು ಹೊತ್ತು ಮೆರವಣಿಗೆ ಮಾಡುತ್ತಿದ್ದೆ.

ಅಕ್ಕ ಪಟ್ಟಿ ಕಟ್ಟಿಕೊಂಡು ತಯಾರಾಗಿ ನಿಂತಳು. ನನ್ನ ಕಡೆ ತಿರುಗಿ, "ನೀನು ಅತ್ಲಾಗ್ ಓಗಿ ನಿಂತ್ಕೊ" ಅಂದಳು.

ಹೋಗಿ ನಿಂತೆ. ನನ್ನ ಕೈಯ ಮೇಲೆ ನನಗೆ ನಂಬಿಕೆ ಇರಲಿಲ್ಲ. ಟವೆಲ್ಲು ಒದ್ದೆ ಮಾಡಿ, ಎರಡೂ ಮಣಿಕಟ್ಟನ್ನು ಬೋಟಿನ ಏಣಿಯ ಕಂಬಿಗೆ ಸೇರಿಸಿ ಸುತ್ತಿ, ಗಂಟು ಹಾಕಿ ಎಂದು ಮಂಡಿಯವರಿಗೆ ಹೇಳಿದೆ. ಅವರು ಕೊಬ್ಬರಿ ಚೀಲಕ್ಕೆ ಹಾಕುವ ಗಂಟನ್ನೇ ಹಾಕಿದರು.

ವಾಪಸು ತಿರುಗಲು ಎರಡು ಗಂಟೆ ಇದೆ ಎನ್ನುವಾಗ ಬಲಗಡೆಯ ಕೋಲು ಬಗ್ಗಿತು. ರೀಲಿನ ಸದ್ದು ಬೇರೆಯೇ ಇತ್ತು. ಕಪ್ತಾನ ಏನೋ ಕೂಗಿದ. ನೂರು ಮಾರು ಹಿಂದೆ ನೀರು ಒಡೆದು ಆಳಿಗಿಂತ ಉದ್ದದ ಕಪ್ಪು ನೀಲಿಯ ಮೀನು ಮೇಲಕ್ಕೆ ಹಾರಿತು. ಮೂತಿಯಲ್ಲಿ ಈಟಿ. ಮಾರ್ಲಿನ್. ಈ ಮೀನಿಗಾಗಿ ಜೀವಮಾನವೆಲ್ಲ ಬೋಟು ಹತ್ತಿ ಒಂದನ್ನೂ ಕಾಣದೆ ಸತ್ತವರಿದ್ದಾರೆ ಎಂದು ಡಾಕ್ಟರು ಆಮೇಲೆ ಹೇಳಿದರು. ಅಕ್ಕನಿಗೆ ಅದೊಂದೂ ಗೊತ್ತಿಲ್ಲ. ಕಾಲು ಊರಿ, ಕೋಲು ಗೂಡಿಗಿಟ್ಟು, ಅದು ಎಷ್ಟು ಕೇಳಿತೋ ಅಷ್ಟು ದಾರ ಕೊಟ್ಟಳು.

ಒಂದು ಗಂಟೆ ನಲವತ್ತು ನಿಮಿಷ. ಇಷ್ಟು ಹೊತ್ತು ಒಬ್ಬರನ್ನು ನಾನು ಬೇರೇನೂ ಮಾಡದೆ ನೋಡಿದ್ದು ಇದೇ ಮೊದಲು. ಅಕ್ಕನ ಭುಜ ಇಷ್ಟು ಅಗಲವಿದೆ ಎಂದು ನನಗೆ ಗೊತ್ತಿರಲಿಲ್ಲ. ಸುಸ್ತಾದಾಗ ಅವಳು ಎಡಗಾಲಿನಿಂದ ಬಲಗಾಲಿಗೆ ಭಾರ ಹೊರಳಿಸುವುದನ್ನು, ಮೀನು ಎಳೆದಾಗ ಎದುರು ನಿಲ್ಲದೆ ಸುಮ್ಮನೆ ಬಿಟ್ಟುಕೊಟ್ಟು, ಅದು ನಿಂತ ಕ್ಷಣವೇ ತನ್ನದನ್ನು ವಾಪಸು ತೆಗೆದುಕೊಳ್ಳುವುದನ್ನು ನೋಡಿದೆ. ಸಂಸಾರವನ್ನೂ ಹೀಗೆಯೇ ನಡೆಸಿದ್ದಾಳೆ ಅನ್ನಿಸಿತು. ಒಂದು ಸಲ ಮೀನು ಬೋಟಿನ ಅಡಿಗೆ ನುಗ್ಗಿತು, ದಾರ ಇಂಜಿನ್ನಿಗೆ ಸಿಕ್ಕಿಕೊಳ್ಳಲು ಗೇಣು ಬಾಕಿ. ಕಪ್ತಾನ ಹಿಂದಿಯಲ್ಲಿ ಕೂಗುತ್ತಿದ್ದಾನೆ, ಅವಳಿಗೆ ಅರ್ಥವಾಗುತ್ತಿಲ್ಲ. ನನ್ನ ಕೈ ಟವೆಲ್ಲನ್ನು ಕಿತ್ತುಬಿಡುವಷ್ಟು ಜಗ್ಗಿತು. ಬಾಯಿ ಮಾತ್ರ ಬಿಟ್ಟೆ. ಅಕ್ಕ, ಕೋಲಿನ ತುದಿ ನೀರಿಗೆ ಇಳಿಸು, ಇಳಿಸಿಕೊಂಡೇ ಆ ಮೂಲೆಗೆ ನಡಿ ಎಂದೆ. ಅವಳು ಇಳಿಸಿದಳು, ನಡೆದಳು, ದಾರ ಬಿಡಿಸಿಕೊಂಡಿತು.

ಕೊನೆಗೆ ಮೀನು ಬೋಟಿನ ಪಕ್ಕಕ್ಕೆ ಬಂತು. ಅದರ ಕಣ್ಣು ಕಾಣುವಷ್ಟು ಹತ್ತಿರ, ತೆಂಗಿನಕಾಯಿಯಷ್ಟು ದೊಡ್ಡ ಕಣ್ಣು. ಸಹಾಯಕ ಗ್ಲೌಸು ಹಾಕಿದ ಕೈಯನ್ನು ದಪ್ಪ ದಾರದ ಕಡೆ ಚಾಚಿದ, ಇನ್ನು ಒಂದು ಮೊಳ. ಮೀನು ತಲೆ ಒದರಿ ಮೇಲಕ್ಕೆ ನೆಗೆಯಿತು, ಅದರ ನೀರು ನಮ್ಮೆಲ್ಲರ ಮುಖಕ್ಕೆ ಹೊಡೆಯಿತು. ಕೊಕ್ಕೆ ಹಾರಿ ಬಂದು ನನ್ನ ಕಾಲ ಬಳಿ ಬಿತ್ತು. ಕಣ್ಣು ಒರೆಸಿಕೊಂಡು ನೋಡಿದಾಗ ನೀರು ಖಾಲಿ.

ಡಾಕ್ಟರ ಫೋನು ಅವರ ಜೇಬಿನಲ್ಲೇ ಇತ್ತು, ಒಂದು ಫೋಟೋ ತೆಗೆಯಲು ಕೂಡ ಅವರಿಗೆ ನೆನಪಾಗಿರಲಿಲ್ಲ. ಅಕ್ಕ ಬಾಗಿ ನೀರನ್ನು ನೋಡುತ್ತಿದ್ದಳು. ಇವಳ ಮುಖ ಹೇಗೆ ನೋಡುವುದು ಎಂದು ನಾನು ಕಂಬಿಗೆ ಅಂಟಿ ನಿಂತಿದ್ದೆ. ಅವಳು ತಿರುಗಿದಾಗ ನಗುತ್ತಿದ್ದಳು. ಹಲ್ಲೆಲ್ಲ ಕಾಣುವ ಹಾಗೆ, ಕೆರೆಯಲ್ಲಿ ಕಡ್ಡಿ ಹಿಡಿದು ನಿಂತ ಹುಡುಗಿಯಾಗಿದ್ದಾಗಿನ ನಗು.

"ಓಯ್ತು. ಓಗ್ಲಿ ಬುಡ್ಲಾ. ನನ್ ಕೈಯಿಂದ್ಲೇ ಓಯ್ತು, ಬ್ಯಾರ್ಯೋರ್ ಕೈಯಿಂದ ಅಲ್ಲ."

ಹಲಗೆಯ ಮೇಲೆ ಏನು ಬರೆಯುತ್ತಾರೆ ಎಂದು ಡಾಕ್ಟರ ಮೂಲಕ ಕಪ್ತಾನನನ್ನು ಕೇಳಿಸಿದಳು. ತಪ್ಪಿಹೋದ ಮೀನನ್ನು ಬರೆಯುವುದಿಲ್ಲ, ಆ ಜಾಗ ಖಾಲಿ ಬಿಡುತ್ತೇವೆ ಎಂದ ಅವನು. ಖಾಲಿ ಇರಲಿ, ಅಡ್ಡಗೆರೆ ಮಾತ್ರ ಎಳೆಯಬೇಡಿ ಎಂದಳು. ಕಪ್ತಾನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ತಲೆಯಾಡಿಸಿದ. ಆಮೇಲೆ ಅವಳೇ ಬಂದು ನನ್ನ ಕೈಯ ಗಂಟು ಬಿಚ್ಚಿದಳು. ಎರಡೂ ಮಣಿಕಟ್ಟು ಕೆಂಪಗೆ ಬಾತಿದ್ದವು.

ಊರಿಗೆ ಬಂದ ಮೇಲೆ ಡಾಕ್ಟರು ಆ ಟ್ಯೂನಾ ಫೋಟೋಗೆ ಕಟ್ಟು ಹಾಕಿಸಿ ಕಳಿಸಿದರು. ಇದರಲ್ಲಿ ನಿನ್ನ ಕೈ ಇದೆ, ನೀನೇ ಇಟ್ಟುಕೋ ಎಂದು ಅಕ್ಕ ಅದನ್ನು ನನಗೆ ಕೊಟ್ಟಳು. ನನ್ನ ಅಂಗಡಿಯಲ್ಲಿ ಗೋಡೆಗೆ ಹಾಕಿದ್ದೇನೆ, ನೋಡಿದಾಗಲೆಲ್ಲ ಕೈಗೆ ಬುದ್ಧಿ ಹೇಳುತ್ತೇನೆ. ದುದ್ದದಲ್ಲಿ ಡೈರಿಗೆ ಹಾಲು ಹಾಕಲು ನಿಂತವರು ಮೀನು ಸಿಕ್ಕಿತೇ ಎಂದು ಕೇಳಿದರೆ, ಅಕ್ಕ ಟ್ಯೂನಾ ವಿಷಯ ಎತ್ತುವುದೇ ಇಲ್ಲ. ಕ್ಯಾನು ಕೆಳಗಿಟ್ಟು, ಎರಡೂ ಕೈ ಚಾಚಿ, ಸಾಲದೆ ಎರಡು ಹೆಜ್ಜೆ ಪಕ್ಕಕ್ಕೆ ನಡೆದು ತೋರಿಸಿ, ಇಷ್ಟುದ್ದದ್ದು ನನ್ನ ಕೈಯಿಂದ ತಪ್ಪಿಹೋಯಿತು ಎಂದು ಹೆಮ್ಮೆಯಿಂದ ಹೇಳುತ್ತಾಳೆ. ತಪ್ಪಿಹೋದದ್ದಕ್ಕೆ ಇಷ್ಟು ಸಂಭ್ರಮವೇನು ಎಂದು ಜನಕ್ಕೆ ಆಶ್ಚರ್ಯ.

ಹೋದ ತಿಂಗಳು ಅವಳ ಮನೆಗೆ ಹೋದಾಗ ಅಕ್ಕ ತೋಟದಲ್ಲಿದ್ದಳು. ಸೀಮೆಹುಲ್ಲು ಕೊಯ್ದು, ದೊಡ್ಡ ಹೊರೆ ಕಟ್ಟಿ, ಬದುವಿನ ಮೇಲೆ ಒಬ್ಬಳೇ ನಿಂತಿದ್ದಳು. ನಾನು ಬೈಕು ನಿಲ್ಲಿಸಿ ಇಳಿದು ಹೋದೆ. ಹತ್ತಿರ ಹೋದವನಿಗೆ ಏನಾಯಿತೋ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟೆ. ಅಕ್ಕ ಸಿಂಬಿ ತಲೆಯ ಮೇಲಿಟ್ಟುಕೊಂಡು, ಹೊರೆಯ ಒಂದು ಕಡೆ ಹಿಡಿದು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕ್ಲಾ ನೋಡ್ಕಂಡ್ ನಿಂತಿದ್ದೀಯ? ಕೈ ಆಕು. ಇದೇನ್ ಮೀನಾ?"

ನಾನು ಕೈ ಹಾಕಿದೆ.